ಬೆತ್ತ, ತಕ್ಕಡಿ, ಲೆಕ್ಕದ ಪುಸ್ತಕ: ಆದವಾನಿ ಸೀಮೆಯ ದುಡಿಮೆಯ ಚರಿತ್ರೆಯಿಂದ ನಮಗೆ ಸಿಗುವ ಪಾಠ

ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರನ್ನು ಹಮಾಲಿಗಳು ಎನ್ನುತ್ತಾರೆ. ನಮ್ಮ ಮಂಗಳೂರು ಬಂದರಿನಲ್ಲಿಯೂ ಅದೇ ಹೆಸರು. ಹೊರೆ ಹೊರುವವನು ಎಂಬ ಅರ್ಥದ ಅರಬ್ಬಿ ಪದ ‘ಹಮ್ಮಾಲ್’ ಎರಡೂ ಕಡೆಗೆ ಬಂದು, ಕನ್ನಡ, ತುಳು, ಬ್ಯಾರಿ, ತೆಲುಗು, ಉರ್ದು ಎಲ್ಲದರಲ್ಲೂ ಬೆರೆತುಹೋಗಿದೆ. ಘಟ್ಟ ಹತ್ತಿ, ಬಳ್ಳಾರಿ ದಾಟಿ ಹೋಗಬೇಕಾದ ಆ ಊರಿಗೂ ನಮಗೂ ಸಂಬಂಧವೇನು ಎಂದು ಕೇಳುವವರಿಗೆ ಇದೊಂದು ಪದವೇ ಮೊದಲ ಉತ್ತರ. ದುಡಿಮೆಯ ಹೆಸರು ಎರಡೂ ಕಡೆ ಒಂದೇ. ದುಡಿಯುವವನಿಗೆ ಸಿಕ್ಕ ಗೌರವ ಮತ್ತು ಅಗೌರವದ ಕತೆಯೂ ಬಹುಮಟ್ಟಿಗೆ ಒಂದೇ.

ಕೆಲಸದ ಜಾಗದಲ್ಲಿ ಪರಸ್ಪರ ಗೌರವ ಇರಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ದೊಡ್ಡ ಕಂಪನಿಗಳು ಅದಕ್ಕೆಂದೇ ತರಬೇತಿ ಇಡುತ್ತವೆ. ನಮ್ಮ ಸಮುದಾಯದಲ್ಲಿ ಅಂಗಡಿ, ಹೋಟೆಲು, ಮರದ ವ್ಯಾಪಾರ, ಮೀನಿನ ವ್ಯಾಪಾರ, ಕಂಟ್ರಾಕ್ಟು ನಡೆಸುವ ಧಣಿಗಳಿದ್ದಾರೆ. ಬೀಡಿ ಕಟ್ಟುವ ತಾಯಂದಿರು, ಕೌಂಟರಿನಲ್ಲಿ ನಿಲ್ಲುವ ಹುಡುಗರು, ಗಲ್ಫಿನಲ್ಲಿ ದುಡಿಯುವ ಅಣ್ಣತಮ್ಮಂದಿರೂ ಇದ್ದಾರೆ. ಹಾಗಾಗಿ ಈ ವಿಷಯದಲ್ಲಿ ನಾವು ಎರಡೂ ಪಕ್ಷದವರು. ನಯವಾಗಿ ಮಾತಾಡಿದರೆ ಗೌರವ ಕೊಟ್ಟಂತಾಯಿತೇ, ಅಥವಾ ಅದಕ್ಕೆ ಇನ್ನೇನಾದರೂ ಬೇಕೇ ಎಂಬುದನ್ನು ಪಶ್ಚಿಮ ಕರ್ನೂಲು ಸೀಮೆಯ ಇನ್ನೂರು ವರ್ಷಗಳ ಚರಿತ್ರೆಯಿಂದ ನೋಡುವ ಪ್ರಯತ್ನ ಇದು.

ಸೀಮೆಯ ಪರಿಚಯ

ಮಂತ್ರಾಲಯಕ್ಕೆ ರೈಲಿನಲ್ಲಿ ಹೋಗುವವರು ‘ಮಂತ್ರಾಲಯಂ ರೋಡ್’ ನಿಲ್ದಾಣದಲ್ಲಿ ಇಳಿಯುತ್ತಾರಲ್ಲ, ಅದೇ ದಾರಿಯಲ್ಲಿ ಆದವಾನಿ ಇದೆ. ಆದವಾನಿ, ಆಲೂರು, ಎಮ್ಮಿಗನೂರು, ಮಂತ್ರಾಲಯ, ಪತ್ತಿಕೊಂಡ, ಇವು ಇಂದಿನ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ. ಕಪ್ಪು ಮಣ್ಣು, ಕಡಿಮೆ ಮಳೆ, ಹತ್ತಿ, ಕಡಲೆಕಾಯಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಮಸೀದಿ ಬೀದಿಯಲ್ಲಿ ಉರ್ದು ಕೇಳುವ ಊರುಗಳು.

17ನೇ ಶತಮಾನದಲ್ಲಿ ಇದು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಆಫ್ರಿಕಾ ಮೂಲದ ಸಿದ್ದಿ ಮಸೂದ್ ಖಾನ್ ಆದವಾನಿಯನ್ನು ಆಳಿದ. ಅಲ್ಲಿನ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟವನೂ ಅವನೇ ಎಂದು ಪರಂಪರೆ ಹೇಳುತ್ತದೆ. 1688ರಲ್ಲಿ ಊರು ಮೊಗಲರಿಗೆ ಸೇರಿತು, ಆಮೇಲೆ ನಿಜಾಮರಿಗೆ. 1786ರಲ್ಲಿ ಟಿಪ್ಪು ಸುಲ್ತಾನ್ ಕೋಟೆಯನ್ನು ಗೆದ್ದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಅಲ್ಲಿಂದ ಇದು ‘ದತ್ತ ಮಂಡಲ’ವಾಯಿತು. ಆದವಾನಿ ಮತ್ತು ಆಲೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅವು ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು.

ಬೆತ್ತ ಹಿಡಿದ ಪೇದೆ

ದತ್ತ ಮಂಡಲದ ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ. ಕರಾವಳಿಯವರಿಗೂ ಈ ಹೆಸರು ಗೊತ್ತು. ಟಿಪ್ಪು ಮಡಿದ ಮೇಲೆ 1799ರಿಂದ 1800ರವರೆಗೆ ನಮ್ಮ ಕೆನರಾ ಜಿಲ್ಲೆಯ ಕಂದಾಯ ಗೊತ್ತುಪಡಿಸಿದವನು ಅವನೇ. ಇಲ್ಲಿಂದ ನೇರವಾಗಿ ಅಲ್ಲಿಗೆ ಹೋದ. 1807ರವರೆಗೆ ಅಲ್ಲಿದ್ದ. ಮುಂದೆ ಮದ್ರಾಸಿನ ಗವರ್ನರನಾಗಿ ಪ್ರವಾಸದಲ್ಲಿದ್ದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.

1813ರಲ್ಲಿ ಕಂಪನಿಯ ಸನದು ನವೀಕರಣದ ವೇಳೆ ಬ್ರಿಟಿಷ್ ಪಾರ್ಲಿಮೆಂಟು ಮನ್ರೋನನ್ನು ಕರೆಸಿ ಸಾಕ್ಷ್ಯ ಕೇಳಿತು. ತಾನು ಮೊದಲು ಕೆಲಸ ಮಾಡಿದ್ದ ಬಾರಾಮಹಲ್‌ನಲ್ಲಿ, ಅಂದರೆ ಈಗಿನ ಸೇಲಂ, ಧರ್ಮಪುರಿ ಕಡೆ, ಕಂಪನಿಯ ನೌಕರರು ನೇಕಾರರನ್ನು ಹೇಗೆ ನಡೆಸಿಕೊಂಡರು ಎಂದು ಅವನು ವಿವರಿಸಿದ. ಮುಖ್ಯ ನೇಕಾರರನ್ನು ಒಂದೆಡೆ ಸೇರಿಸಿ, ಕಂಪನಿಗೆ ಮಾತ್ರ ಬಟ್ಟೆ ಕೊಡುತ್ತೇವೆ ಎಂದು ಒಪ್ಪುವ ತನಕ ಕಾವಲು ಹಾಕುತ್ತಿದ್ದರು. ಒಮ್ಮೆ ಮುಂಗಡ ಪಡೆದವನು ಆ ಸಾಲದಿಂದ ಹೊರಬರುವುದು ಅಪರೂಪ. ಬಟ್ಟೆ ತಡವಾದರೆ ಮನೆಗೆ ಒಬ್ಬ ಪೇದೆ ಬಂದು ಕೂರುತ್ತಿದ್ದ. ಅವನು ಕೂತಿದ್ದಕ್ಕೆ ದಿನಕ್ಕೆ ಒಂದು ಆಣೆ ದಂಡ, ಅದನ್ನೂ ನೇಕಾರನೇ ಕೊಡಬೇಕು. ಪೇದೆಯ ಕೈಯಲ್ಲಿ ಬೆತ್ತ, ಅದು ಬರೀ ತೋರಿಕೆಗಲ್ಲ. ದಂಡ ಕಟ್ಟದಿದ್ದರೆ ಮನೆಯ ಹಿತ್ತಾಳೆ ಪಾತ್ರೆ ಜಪ್ತಿ.

ಮುಂಗಡ ಕೊಟ್ಟು ಬಟ್ಟೆ ನೇಯಿಸುವ ಪದ್ಧತಿ ದತ್ತ ಮಂಡಲದಲ್ಲೂ ಇತ್ತು. ಈ ಸಾಕ್ಷ್ಯವನ್ನು ಓದುವಾಗ ಬೆತ್ತದ ಮೇಲೆ ಕಣ್ಣು ನಿಲ್ಲುವುದು ಸಹಜ. ಆದರೆ ಬೆತ್ತ ಬಂದದ್ದು ಕೊನೆಗೆ. ಅದಕ್ಕೂ ಮೊದಲು ಮುಂಗಡ ಬಂದಿತ್ತು. ನೇಕಾರನ ಲೆಕ್ಕ ನೇಕಾರನ ಕೈಯಲ್ಲಿ ಇರಲಿಲ್ಲ. ಬಟ್ಟೆಗೆ ಬೆಲೆ ಕಟ್ಟುವವನು, ಸಾಲ ಬರೆಯುವವನು, ದಂಡ ಹಾಕುವವನು ಎಲ್ಲ ಒಬ್ಬನೇ. ಅಲ್ಲಿಗೆ ಬಂದ ಪೇದೆ ಎಷ್ಟೇ ಸಭ್ಯನಾಗಿದ್ದರೂ ಆ ಮಗ್ಗದ ಮನೆಯಲ್ಲಿ ಗೌರವ ಇರುತ್ತಿರಲಿಲ್ಲ.

1877: ಒಂದು ಪೌಂಡು ಧಾನ್ಯ

1876ರಿಂದ 1878ರವರೆಗಿನ ಮಹಾ ಬರ ಬಳ್ಳಾರಿ ಜಿಲ್ಲೆಯನ್ನೂ ಕರ್ನೂಲನ್ನೂ ಬಹಳ ಕೆಟ್ಟದಾಗಿ ಹೊಡೆಯಿತು. ಆಗ ಸರ್ಕಾರ ತೆರೆದ ಬರ ಪರಿಹಾರದ ಕಾಮಗಾರಿಗಳೇ ಈ ಸೀಮೆಯಲ್ಲಿ ಅತಿ ದೊಡ್ಡ ದುಡಿಮೆಯ ಜಾಗಗಳು. ಹಸಿದ ಜನ ಕಲ್ಲು ಒಡೆದರು, ಮಣ್ಣು ಹೊತ್ತರು.

ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಖರ್ಚು ಉಳಿಸಲು 1877ರ ಆರಂಭದಲ್ಲಿ ಕೂಲಿ ಕಡಿತಗೊಳಿಸಿದ. ದಿನವಿಡೀ ಗಟ್ಟಿ ಕೆಲಸ ಮಾಡಿದ ಗಂಡಾಳಿಗೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದು ಆಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ದೇಹಕ್ಕೆ ಕನಿಷ್ಠ 680 ಗ್ರಾಂ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಎಂದು ವಾದಿಸಿದ. ಆ ಜಗಳದ ಫಲವಾಗಿ 1877ರ ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಧಾನ್ಯವನ್ನು 570 ಗ್ರಾಂಗೆ ಏರಿಸಿ ಸ್ವಲ್ಪ ಬೇಳೆಯನ್ನೂ ಸೇರಿಸಿತು.

ದುಡಿಯುವವನ ಹೊಟ್ಟೆಯನ್ನು ಗ್ರಾಂ ಲೆಕ್ಕದಲ್ಲಿ ವಾದಿಸಬೇಕಾಗಿ ಬಂದ ಈ ಪ್ರಸಂಗ ಕ್ರೂರವಾಗಿ ಕಾಣಬಹುದು. ಆದರೆ ಕಾರ್ನಿಷ್ ಮಾಡಿದ ಕೆಲಸ ದೊಡ್ಡದು. ಕೂಲಿ ಎಷ್ಟೆಂದು ಕೊಡುವವನ ಇಷ್ಟಕ್ಕೆ ಬಿಡಬಾರದು, ಪಡೆಯುವವನ ದೇಹಕ್ಕೆ ಏನು ಬೇಕೆಂದು ನೋಡಬೇಕು ಎಂಬ ಮಾತನ್ನು ಅವನು ಸರ್ಕಾರದ ಕಾಗದದಲ್ಲಿ ತಂದ.

ಪಿಂಜಾರರ ಬಿಲ್ಲು ಮತ್ತು ಬ್ಯಾರಿ ಎಂಬ ಹೆಸರು

1871ರಲ್ಲಿ ಮದ್ರಾಸಿನಿಂದ ಬಂದ ರೈಲು ಮತ್ತು ಬೊಂಬಾಯಿಯಿಂದ ಬಂದ ರೈಲು ರಾಯಚೂರಿನಲ್ಲಿ ಕೂಡಿದವು. ಆದವಾನಿ ಆ ಹಾದಿಯಲ್ಲೇ ಇತ್ತು. ಈ ಸೀಮೆಯ ಹತ್ತಿ ‘ವೆಸ್ಟರ್ನ್ಸ್’ ಎಂಬ ಹೆಸರಿನಲ್ಲಿ ದೂರದ ಪೇಟೆಗಳಿಗೆ ಹೋಯಿತು. ಜಿನ್ನಿಂಗ್ ಮಿಲ್ಲು, ಪ್ರೆಸ್ಸು, ಎಣ್ಣೆ ಗಿರಣಿಗಳು ಎದ್ದವು.

ಅದಕ್ಕೂ ಮುಂಚೆ ಹತ್ತಿಯನ್ನು ಹಿಂಜಿ ಅರಳೆ ಮಾಡುತ್ತಿದ್ದವರು ಪಿಂಜಾರರು. ನದಾಫರು ಎಂದೂ ಕರೆಯುತ್ತಾರೆ, ತೆಲುಗಿನಲ್ಲಿ ದೂದೇಕುಲದವರು. ದೊಡ್ಡ ಬಿಲ್ಲಿನ ತಂತಿಯನ್ನು ಮರದ ಕೊಡತಿಯಿಂದ ಮೀಟಿ ಹತ್ತಿ ಹಿಂಜುವ ಕೆಲಸ. ಊರೂರು ಸುತ್ತಿ ಹಾಸಿಗೆ ದಿಂಬು ಹೊಲಿಯುವ ಕೆಲಸ. ಯಂತ್ರ ಬಂದ ಮೇಲೆ ಆ ಬಿಲ್ಲಿನ ದುಡಿಮೆ ಕುಗ್ಗಿತು, ಹಲವರು ಬೇರೆ ಕೂಲಿಗೆ ಇಳಿದರು. ಕಸುಬು ಹೋದರೂ ಹೆಸರು ಉಳಿಯಿತು, ಹೆಸರಿನ ಜೊತೆ ತಾತ್ಸಾರವೂ ಉಳಿಯಿತು. ಅವರು ಮುಸ್ಲಿಮರು, ಆದರೆ ಮನೆಮಾತು ತೆಲುಗು ಅಥವಾ ಕನ್ನಡ. ಉರ್ದು ಬಾರದು ಎಂದು ಬೇರೆ ಮುಸ್ಲಿಮರೇ ಅವರನ್ನು ಕೀಳಾಗಿ ಕಂಡದ್ದುಂಟು. ಅವರನ್ನು ಹಾಸ್ಯ ಮಾಡುವ ಗಾದೆಗಳೂ ಹುಟ್ಟಿಕೊಂಡವು.

ಇದನ್ನು ಓದುವಾಗ ನಮಗೆ ನಮ್ಮದೇ ಕತೆ ನೆನಪಾಗಬೇಕು. ವ್ಯಾಪಾರಕ್ಕೆ ತುಳುವಿನಲ್ಲಿ ‘ಬ್ಯಾರ’ ಎನ್ನುತ್ತಾರೆ, ಅದರಿಂದಲೇ ‘ಬ್ಯಾರಿ’ ಬಂತು ಎಂಬುದು ಹೆಚ್ಚಿನವರ ಅಭಿಪ್ರಾಯ. ಅಂದರೆ ನಮ್ಮದೂ ದುಡಿಮೆಯ ಹೆಸರೇ. ಆ ಹೆಸರನ್ನು ಬೈಗುಳದಂತೆ ಬಳಸಿದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಉರ್ದು ಬಾರದವರು ಎಂಬ ಮೂದಲಿಕೆಯೂ ನಮಗೆ ಹೊಸದಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆದಾಗ ಅದೇ ಹೆಸರು ಸರ್ಕಾರದ ಫಲಕದ ಮೇಲೆ ಬಂತು.

ಹತ್ತಿ ಹಿಂಜುವ ಕಸುಬಿಗೆ ಇಸ್ಲಾಮಿನ ಚರಿತ್ರೆಯಲ್ಲಿ ಎತ್ತರದ ಜಾಗವೂ ಇದೆ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೊಳಗಾದ ಸೂಫಿ ಮನ್ಸೂರ್ ಅಲ್ ಹಲ್ಲಾಜ್ ಹೆಸರಿನಲ್ಲಿರುವ ‘ಹಲ್ಲಾಜ್’ ಎಂದರೆ ಹತ್ತಿ ಹಿಂಜುವವನು ಎಂದೇ ಅರ್ಥ. ಉತ್ತರ ಭಾರತದಲ್ಲಿ ಈ ಕಸುಬಿನವರು ‘ಮನ್ಸೂರಿ’ ಎಂದು ಕರೆದುಕೊಳ್ಳುವುದು ಅದಕ್ಕೇ. ಒಂದೇ ಕಸುಬು ಒಂದು ಕಡೆ ಹೆಮ್ಮೆಯ ಹೆಸರು, ಇನ್ನೊಂದು ಕಡೆ ಗೇಲಿಯ ಹೆಸರು. ವ್ಯತ್ಯಾಸ ಇರುವುದು ಕರೆಯುವವರ ಬಾಯಲ್ಲಿ. ಕೆಲಸದ ಜಾಗದಲ್ಲಿ ಒಬ್ಬರನ್ನು ಅವರ ಹೆಸರಿನಿಂದ ಕರೆಯುತ್ತೇವೆಯೋ, ‘ಏ ಹಮಾಲಿ’, ‘ಏ ಹುಡುಗ’ ಎಂದು ಕೂಗುತ್ತೇವೆಯೋ ಎಂಬುದು ಆದ್ದರಿಂದ ಸಣ್ಣ ವಿಷಯವಲ್ಲ.

ಮೇಸ್ತ್ರಿಯ ಕಾಲ, ಕಾನೂನಿನ ಕಾಲ

ಮಿಲ್ಲುಗಳ ಕಾಲದಲ್ಲಿ ಆಳು ಮತ್ತು ಧಣಿಯ ನಡುವೆ ಮೇಸ್ತ್ರಿ ಬಂದ. ಕೆಲಸಕ್ಕೆ ಸೇರಿಸುವವನು, ತೆಗೆಯುವವನು, ರಜೆ ಕೊಡುವವನು ಅವನೇ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ ದೇಶದ ಕಾರ್ಖಾನೆಗಳನ್ನು ನೋಡಿ, ಈ ಮಧ್ಯವರ್ತಿಗಳು ಕೆಲಸ ಕೊಡಲು ಲಂಚ ತಿನ್ನುತ್ತಾರೆ, ಕೆಲಸ ಉಳಿಸಲು ಮತ್ತೆ ತಿನ್ನುತ್ತಾರೆ ಎಂದು ಬರೆಯಿತು. ನೇಮಿಸುವ ಮತ್ತು ತೆಗೆಯುವ ಅಧಿಕಾರ ಅವರ ಕೈಯಿಂದ ಹೋಗಬೇಕು ಎಂದಿತು.

ಹತ್ತಿ ಜಿನ್ನಿಂಗ್ ಹಂಗಾಮಿನ ಕೆಲಸ. ಹತ್ತಿ ಬಂದಾಗ ಹಗಲು ರಾತ್ರಿ, ಮುಗಿದ ಮೇಲೆ ಬಾಗಿಲು. ಹಾಗಾಗಿ 1934ರ ಕಾರ್ಖಾನೆ ಕಾಯ್ದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ವಾರಕ್ಕೆ 54 ಗಂಟೆ ಎಂದರೆ, ಹಂಗಾಮಿನ ಕಾರ್ಖಾನೆಗಳಿಗೆ 60 ಗಂಟೆ ಎಂದಿತು. ಆದವಾನಿಯಂಥ ಊರಿನ ಕೂಲಿಗೆ ಕಾನೂನೇ ಹೆಚ್ಚು ಹೊತ್ತು ದುಡಿ ಎಂದು ಹೇಳಿದಂತೆ. 1948ರ ಕಾಯ್ದೆ ಬಂದ ಮೇಲೆ ವಾರಕ್ಕೆ 48 ಗಂಟೆಯಾಯಿತು.

2025ರವರೆಗೆ ಜಾರಿಯಲ್ಲಿದ್ದ ಈ 1948ರ ಕಾಯ್ದೆಯಲ್ಲಿ ನಮಗೆ ಬೇಕಾದ ಕೆಲವು ಕಲಮುಗಳಿದ್ದವು. ಹತ್ತಿ ಪ್ರೆಸ್ಸಿನಲ್ಲಿ ಹತ್ತಿ ಬಿಡಿಸುವ ಯಂತ್ರ ಓಡುತ್ತಿರುವ ಭಾಗದಲ್ಲಿ, ಸೂರಿನ ತನಕ ಅಡ್ಡಗೋಡೆ ಇಲ್ಲದಿದ್ದರೆ, ಹೆಂಗಸರನ್ನೂ ಮಕ್ಕಳನ್ನೂ ದುಡಿಸುವಂತಿರಲಿಲ್ಲ. ನಿಂತೇ ಕೆಲಸ ಮಾಡುವವರಿಗೆ ಬಿಡುವಾದಾಗ ಕೂರಲು ಅನುಕೂಲ ಇರಬೇಕಿತ್ತು. ಕಾರ್ಖಾನೆಯ ನೋಟೀಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕಿತ್ತು. ಕೊನೆಯದನ್ನು ಆದವಾನಿಯಲ್ಲಿ ನಿಂತು ಯೋಚಿಸಿ. 1953ರಲ್ಲಿ ಗಡಿ ಸರಿದು ಕಚೇರಿಯ ಭಾಷೆ ಬದಲಾದ ಊರು ಅದು. ತನ್ನ ಕೂಲಿಯ ಚೀಟಿ ತನಗೇ ಓದಲು ಬಾರದವನು ಮೋಸವಾದರೂ ಕೇಳಲಾರ. ಭಾಷೆಯೂ ಗೌರವದ ಒಂದು ಭಾಗ ಎಂಬುದನ್ನು ಗಲ್ಫಿನಲ್ಲಿ ಅರಬ್ಬಿ ಕಾಗದಕ್ಕೆ ಸಹಿ ಹಾಕಿದ ನಮ್ಮವರಿಗೆ ವಿವರಿಸಬೇಕಾಗಿಲ್ಲ.

ರೈತನ ಕಡೆಯಿಂದಲೂ ಇದೇ ಪ್ರಶ್ನೆ ಎದ್ದಿತ್ತು. ಹಳೆಯ ಮಾರುಕಟ್ಟೆಗಳಲ್ಲಿ ದಲ್ಲಾಲಿಗಳು ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು, ಮಾಲು ತಂದವನಿಗೆ ಬೆಲೆ ತಿಳಿಯುತ್ತಿರಲಿಲ್ಲ. ತೂಕದಲ್ಲಿ ಕಡಿತ, ಮೇಲೊಂದಿಷ್ಟು ಮುರಿತ. ಮದ್ರಾಸ್ ಪ್ರಾಂತ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ತಂದು, ವ್ಯಾಪಾರಿ, ದಲ್ಲಾಲಿ, ತೂಕ ಮಾಡುವವನು ಎಲ್ಲರಿಗೂ ಲೈಸೆನ್ಸು ಕಡ್ಡಾಯ ಮಾಡುವ ದಾರಿ ತೆರೆಯಿತು.

ಎಮ್ಮಿಗನೂರಿನ ನೇಕಾರರು, 1938

ಈ ಸೀಮೆಯ ಚರಿತ್ರೆಯಲ್ಲಿ ಅತಿ ಮುಖ್ಯ ತಿರುವು ಬಂದದ್ದು ಎಮ್ಮಿಗನೂರಿನಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ ಆದವಾನಿ ತಾಲ್ಲೂಕಿನ ನೇಕಾರರ ಊರು. 1938ರಲ್ಲಿ ಮಾಚಾನಿ ಸೋಮಪ್ಪ ಅವರ ಮುಂದಾಳತ್ವದಲ್ಲಿ ಅಲ್ಲಿ ನೇಕಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಅದು ದೇಶದ ಹೆಸರಾಂತ ಕೈಮಗ್ಗ ಸಂಘಗಳಲ್ಲಿ ಒಂದಾಯಿತು. ನೇಕಾರರಿಗೆ ಕಾಲೊನಿ ಕಟ್ಟಿತು. ಸೋಮಪ್ಪನವರಿಗೆ 1954ರಲ್ಲಿ, ಅಂದರೆ ಪದ್ಮ ಪ್ರಶಸ್ತಿಗಳು ಆರಂಭವಾದ ವರ್ಷವೇ, ಪದ್ಮಶ್ರೀ ಬಂತು.

ಸಂಘದಿಂದ ಏನು ಬದಲಾಯಿತು? ಮೊದಲು ಸಾಹುಕಾರ ನೂಲು ಕೊಡುತ್ತಿದ್ದ, ಬಟ್ಟೆ ತೆಗೆದುಕೊಳ್ಳುತ್ತಿದ್ದ, ಕೂಲಿ ಹಿಡಿಯುತ್ತಿದ್ದ, ಸಾಲ ಬರೆಯುತ್ತಿದ್ದ. ಬಟ್ಟೆಯಲ್ಲಿ ದೋಷ ಇದೆಯೋ ಇಲ್ಲವೋ ಎಂದು ಹೇಳುವವನೂ ಅವನೇ. ಸಹಕಾರ ಸಂಘದಲ್ಲಿ ನೇಕಾರ ಷೇರುದಾರ. ನೂಲು ಸಂಘದಿಂದ ಬರುತ್ತದೆ, ಕೂಲಿಯ ದರ ಎಲ್ಲರಿಗೂ ಗೊತ್ತಿರುತ್ತದೆ, ಲೆಕ್ಕದ ಪುಸ್ತಕವನ್ನು ಸರ್ಕಾರದ ಆಡಿಟರ್ ನೋಡುತ್ತಾನೆ, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದು. ಮನ್ರೋ ಹೇಳಿದ ಕತೆಯಲ್ಲಿ ನೇಕಾರನ ಮನೆಗೆ ಪೇದೆ ಬಂದು ಕೂರುತ್ತಿದ್ದ. ಇಲ್ಲಿ ನೇಕಾರನೇ ಸಂಘದ ಕಚೇರಿಗೆ ಹೋಗಿ ಕೂರಬಹುದು.

ಎಲ್ಲವೂ ಸರಿಯಾಯಿತು ಎಂದಲ್ಲ. ಕೈಮಗ್ಗ ಸಂಘಗಳಲ್ಲಿ ಸದಸ್ಯತ್ವ ಸಾಮಾನ್ಯವಾಗಿ ಮಗ್ಗದ ಯಜಮಾನನಿಗೆ. ರಾಟೆಯಲ್ಲಿ ಕಂಡಿಕೆ ಸುತ್ತುವ, ಹಾಸು ಸಿದ್ಧ ಮಾಡುವ ಹೆಂಡತಿ, ಮಗಳು, ಸೊಸೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ಸೀರೆಯ ಹಿಂದೆ ಅರ್ಧ ದುಡಿಮೆ ಅವರದು, ಹೆಸರು ಪುಸ್ತಕದಲ್ಲಿ ಇಲ್ಲ. ಆಮೇಲಿನ ದಶಕಗಳಲ್ಲಿ ಪವರ್‌ಲೂಮ್‌ಗಳ ಪೈಪೋಟಿಯಿಂದ ಕೈಮಗ್ಗವೇ ಸೊರಗಿತು. ಇಂದು ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಮಂತ್ರಾಲಯ ಕಡೆಯ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಗುಳೆ ಹೋಗುತ್ತವೆ. ಅಲ್ಲಿ ಮತ್ತೆ ಅದೇ ಮೇಸ್ತ್ರಿ, ಅದೇ ಮುಂಗಡ. ಜೊತೆಗೆ ಹೋದ ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ.

ನಮ್ಮ ಮನೆಯ ಜಗಲಿ, ನಮ್ಮ ಅಂಗಡಿಯ ಕೌಂಟರು

ಕಂಡಿಕೆ ಸುತ್ತುವ ಎಮ್ಮಿಗನೂರಿನ ಹೆಣ್ಣುಮಗಳು ನಮಗೆ ಪರಕೀಯಳಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಉಮ್ಮ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಬ್ರಾಂಚಿನಲ್ಲಿ ಎಲೆ ಎಷ್ಟು ತೂಗಿ ಕೊಟ್ಟರು, ಎಷ್ಟು ಬೀಡಿ ಸರಿಯಿಲ್ಲ ಎಂದು ಬದಿಗಿಟ್ಟರು ಎಂಬುದರ ಮೇಲೆ ವಾರದ ಸಂತೆ ನಿಂತಿರುತ್ತಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಎಂದು ಒಪ್ಪಿತು. ಕೊಟ್ಟ ಕಚ್ಚಾಮಾಲು, ತಿರಸ್ಕರಿಸಿದ ಬೀಡಿ, ಅದರ ಕೂಲಿ, ಈ ಮೂರರ ಜಗಳವನ್ನು ತೀರ್ಮಾನಿಸಲು ಬೇರೆ ಅಧಿಕಾರಿ ಇರಬೇಕು ಎಂದಿತು. ಮಾಲು ಪಡೆಯುವವನೇ ತೀರ್ಪುಗಾರನಾಗಬಾರದು ಎಂಬುದೇ ಅದರ ತಿರುಳು.

ಬಟ್ಟೆ ಅಂಗಡಿಗಳ ಮಾತು ಬಂದರೆ, ನಮ್ಮ ಪಕ್ಕದ ಕೇರಳದಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಸೇಲ್ಸ್ ಹೆಂಗಸರು ಹೋರಾಡಿ, 2018ರಲ್ಲಿ ಕೂರುವ ಹಕ್ಕನ್ನು ಕಾಯ್ದೆಯಲ್ಲೇ ಬರೆಸಿಕೊಂಡರು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಯುಎಇ 2009ರಲ್ಲಿ ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ ತಂದಾಗ ನಮ್ಮವರಿಗೂ ಅದರ ಲಾಭವಾಯಿತು, ಯಾಕೆಂದರೆ ಸಂಬಳ ಬಂತೋ ಇಲ್ಲವೋ ಎಂಬುದಕ್ಕೆ ದಾಖಲೆ ಉಂಟಾಯಿತು. ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾನೂನು, ಹತ್ತು ಜನರಿಗಿಂತ ಕಡಿಮೆ ಇರುವ ಸಣ್ಣ ಅಂಗಡಿಗಳವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂದಿದೆ. ಇದನ್ನು ನಮ್ಮ ಎಷ್ಟು ಅಂಗಡಿಗಳ ಹೆಣ್ಣುಮಕ್ಕಳಿಗೆ ಯಾರಾದರೂ ಹೇಳಿದ್ದಾರೆ?

ಕೂಲಿಯನ್ನು ತಡಮಾಡಬಾರದು ಎಂಬುದನ್ನು ನಾವು ಚಿಕ್ಕಂದಿನಲ್ಲಿ ಮದ್ರಸದಲ್ಲೇ ಕೇಳಿದ್ದೇವೆ. ಆ ಮಾತು ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಬರಬೇಕು. ಧಣಿಗಳಾಗಿರುವವರು ತಮ್ಮಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಸಂಬಳದ ದಿನ ಗೊತ್ತಿದೆಯೇ, ಅದು ತಪ್ಪುತ್ತದೆಯೇ? ಕೊಟ್ಟ ಮುಂಗಡದ ಲೆಕ್ಕ ಕೆಲಸದವನ ಕೈಯಲ್ಲೂ ಒಂದು ಪ್ರತಿ ಇದೆಯೇ, ಅವನಿಗೆ ಓದಲು ಬರುವ ಭಾಷೆಯಲ್ಲಿ? ಸಾಮಾನು ಒಡೆದರೆ ದಂಡ ಎಷ್ಟೆಂದು ಹೇಳುವವರು ಯಾರು? ಕೂರಲು ಒಂದು ಸ್ಟೂಲು ಇದೆಯೇ? ನಮಾಜಿಗೆ ನಮ್ಮವನಿಗೆ ಬಿಡುವು ಕೊಡುವ ನಾವು, ಬೇರೆ ಧರ್ಮದ ಕೆಲಸಗಾರನ ಹಬ್ಬಕ್ಕೂ ಅಷ್ಟೇ ಸಲೀಸಾಗಿ ರಜೆ ಕೊಡುತ್ತೇವೆಯೇ? ದೂರು ಇದ್ದರೆ, ನಮ್ಮನ್ನು ಬಿಟ್ಟು ಇನ್ನೊಬ್ಬರ ಬಳಿ ಹೇಳಿಕೊಳ್ಳಲು ಅವನಿಗೆ ದಾರಿ ಇದೆಯೇ?

ಕೆಲಸಗಾರನನ್ನು ಮನೆಯ ಮಗನಂತೆ ನೋಡಿಕೊಳ್ಳುತ್ತೇವೆ ಎಂದು ಹೇಳುವವರು ನಮ್ಮಲ್ಲಿ ಬಹಳ. ಅದು ಒಳ್ಳೆಯ ಮಾತು, ಹಲವರು ಹಾಗೆಯೇ ನಡೆದುಕೊಳ್ಳುತ್ತಾರೆ ಕೂಡ. ಆದರೆ ಮಗನ ಸಂಬಳವನ್ನು ಯಾರೂ ಬರೆದಿಡುವುದಿಲ್ಲ. ಕೆಲಸಗಾರನಿಗೆ ಪ್ರೀತಿಯ ಜೊತೆ ಬರೆದಿಟ್ಟ ಲೆಕ್ಕವೂ ಬೇಕು. ಆದವಾನಿ ಸೀಮೆಯ ನೇಕಾರರು, ಕೂಲಿಗಳು, ಪಿಂಜಾರರು ಕಳೆದ ಇನ್ನೂರು ವರ್ಷಗಳಲ್ಲಿ ಕಂಡದ್ದು ಇದನ್ನೇ: ತೂಕ ಎದುರಿಗೇ ಆದಾಗ, ಲೆಕ್ಕ ಇಬ್ಬರ ಕೈಯಲ್ಲೂ ಇದ್ದಾಗ, ಹೆಸರು ಹಿಡಿದು ಕರೆದಾಗ ಅವರು ತಲೆ ಎತ್ತಿ ನಡೆದರು. ಈ ತಿಂಗಳ ಸಂಬಳದ ದಿನ ನಮ್ಮ ಅಂಗಡಿಯಲ್ಲಿ ಆ ಪುಸ್ತಕವನ್ನು ಕೆಲಸಗಾರನ ಕಡೆಗೆ ತಿರುಗಿಸಿ ಇಡೋಣ.